ಮೋಗ್ಲಿಗೆ ಕನ್ನಡ ಯಾಕ ಬರಲಿಲ್ಲ

“ನಮ್ಮ ಬಾಲ್ಯದ ಕಾರ್ಟೂನುಗಳನ್ನೆಲ್ಲ ಕೆಡಿಸಿಬಿಟ್ಟರು.” ಮೂವತ್ತೈದು ದಾಟಿದವರು ನಾಲ್ಕು ಮಂದಿ ಕೂಡಿದ ಕಡೆ ಈಗ ಈ ಮಾತು ತಪ್ಪದೆ ಬರುತ್ತದೆ. ನಮ್ಮೂರು ಸಂಶಿಯ ಚಹಾದಂಗಡಿಯಲ್ಲಿ ಕೇಳಿದ್ದೇನೆ, ಹುಬ್ಬಳ್ಳಿಯ ಮದುವೆ ಮನೆಗಳಲ್ಲಿ ಕೇಳಿದ್ದೇನೆ, ವಾಟ್ಸಾಪಿನಲ್ಲಂತೂ ದಿನಾ ಓದುತ್ತೇನೆ. ಭಾನುವಾರ ಬೆಳಿಗ್ಗೆಯ ಮೋಗ್ಲಿ ಎಷ್ಟು ಚೆಂದ ಇದ್ದ, ಈಗಿನ ಕಂಪ್ಯೂಟರ್ ಮೋಗ್ಲಿ ಪ್ಲಾಸ್ಟಿಕ್ ಗೊಂಬೆಯ ಹಾಗೆ ಕಾಣುತ್ತಾನೆ. ಹಳೆಯ ಟಾಮ್ ಆ್ಯಂಡ್ ಜೆರ್ರಿ ಎಲ್ಲಿ, ಈಗಿನದು ಎಲ್ಲಿ. ಪ್ರಹ್ಲಾದ ಅಂದರೆ ಅಪ್ಪು, ಹಿರಣ್ಯಕಶಿಪು ಅಂದರೆ ರಾಜಕುಮಾರ್, ಅದಕ್ಕೆ ಗ್ರಾಫಿಕ್ಸ್ ಯಾಕೆ ಬೇಕಿತ್ತು. ಕೊನೆಗೆ ಒಂದು ನಿಟ್ಟುಸಿರು: ಪಾಪ, ನಮಗೆ ಸಿಕ್ಕದ್ದು ಇವತ್ತಿನ ಮಕ್ಕಳಿಗೆ ಸಿಗಲಿಲ್ಲ.

ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಇದರಲ್ಲಿ ಇತಿಹಾಸ ತಪ್ಪಾಗಿದೆ, ತೀರ್ಮಾನ ತಪ್ಪಾಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ದೂರು ಹೋಗಬೇಕಾದ ವಿಳಾಸವೇ ತಪ್ಪಾಗಿದೆ. ಹಳೆಯ ಪಾತ್ರಗಳು ಹೊಸ ರೂಪದಲ್ಲಿ ಬಂದದ್ದರಿಂದ ಸಂಶಿಯಂಥ ಊರಿನ ಮಕ್ಕಳು ಏನನ್ನೂ ಕಳೆದುಕೊಂಡಿಲ್ಲ. ಅವರಿಗೆ ಸಿಗದೆ ಹೋದದ್ದು ಬೇರೆಯೇ ಒಂದಿದೆ. ನಮಗೂ ಅದು ಸಿಕ್ಕಿರಲಿಲ್ಲ. ಮೂವತ್ತು ವರ್ಷಗಳಿಂದ ಅದರ ಬಗ್ಗೆ ನಾವು ಬಾಯಿ ತೆರೆದಿಲ್ಲ.

ಮೊದಲು ಮೋಗ್ಲಿಯ ಜಾತಕ ನೋಡೋಣ. ಕಿಪ್ಲಿಂಗನ ಪುಸ್ತಕ ಬಂದದ್ದು 1894ರಲ್ಲಿ. ಡಿಸ್ನಿಯವರು ಅದನ್ನು ಹಾಡು ಕುಣಿತದ ಚಿತ್ರವಾಗಿ ಮಾಡಿದ್ದು 1967ರಲ್ಲಿ. ನಾವು ‘ಒರಿಜಿನಲ್’ ಎಂದು ಎದೆಗೆ ಅವಚಿಕೊಂಡಿರುವ ಮೋಗ್ಲಿಯನ್ನು ಮಾಡಿದವರು ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಎಂಬ ಸಂಸ್ಥೆಯವರು, 1989ರಲ್ಲಿ, 52 ಕಂತುಗಳಲ್ಲಿ. 1993ರಲ್ಲಿ ದೂರದರ್ಶನ ಅದನ್ನು ಹಿಂದಿಗೆ ಡಬ್ ಮಾಡಿ ತೋರಿಸಿತು. ಶೇರ್ ಖಾನನಿಗೆ ನಾನಾ ಪಾಟೇಕರ್ ಧ್ವನಿ ಕೊಟ್ಟರು. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸ್ವರ ಹಾಕಿದ ಶೀರ್ಷಿಕೆ ಗೀತೆ ಹಿಂದಿಗೆಂದೇ ಹುಟ್ಟಿದ್ದು, ಜಪಾನಿನಲ್ಲಿ ಅದು ಇರಲೇ ಇಲ್ಲ. ಇಂಗ್ಲಿಷ್ ಕಥೆ, ಜಪಾನಿನ ಚಿತ್ರ, ಹಿಂದಿಯ ಹಾಡು: ಇದು ನಮ್ಮ ಮೂಲ ಮೋಗ್ಲಿ. ಅವನೇ ಒಂದು ಮರುಹುಟ್ಟು. ಕಿಪ್ಲಿಂಗನನ್ನು ಓದಿ ಬೆಳೆದವರು ಆ ಜಪಾನಿ ಹುಡುಗನನ್ನು ನೋಡಿ, ಇವತ್ತು ನಾವು ಆಡುವ ಮಾತನ್ನೇ ಆಡಬಹುದಿತ್ತು. 2010ರಲ್ಲಿ ಬಂದ ಕಂಪ್ಯೂಟರ್ ಮೋಗ್ಲಿಯನ್ನು ಪ್ಲಾಸ್ಟಿಕ್ ಎಂದು ಬೈಯುತ್ತೇವಲ್ಲ, ಅದನ್ನು ಮಾಡಿದ್ದು ನಮ್ಮ ಪಕ್ಕದ ಹೈದರಾಬಾದಿನ ಡಿಕ್ಯೂ ಎಂಟರ್‌ಟೇನ್‌ಮೆಂಟ್. ಮೋಗ್ಲಿಯ ಕಥೆಗೆ ನೂರಕ್ಕೂ ಹೆಚ್ಚು ವರ್ಷ ವಯಸ್ಸಾದ ಮೇಲೆ ಅವನನ್ನು ಭಾರತದ ಕಲಾವಿದರ ಕೈ ರೂಪಿಸಿತು ಎಂದು ಒಬ್ಬರಾದರೂ ಸಂತೋಷಪಟ್ಟದ್ದನ್ನು ನಾನು ಕೇಳಿಲ್ಲ.

ಕೈಯಲ್ಲಿ ಬಿಡಿಸಿದ ಚಿತ್ರಕ್ಕೆ ಜೀವ ಇತ್ತು, ಯಂತ್ರದ ಚಿತ್ರಕ್ಕೆ ಇಲ್ಲ ಎಂಬುದು ಇನ್ನೊಂದು ವಾದ. ಕೈಕೆಲಸದ ಬಗ್ಗೆ ನನಗೂ ಗೌರವವಿದೆ. ಆದರೆ ಟಿವಿ ಕಾರ್ಟೂನು ಹೇಗೆ ತಯಾರಾಗುತ್ತಿತ್ತು ಎಂಬುದನ್ನು ತಿಳಿದು ಮಾತಾಡಬೇಕು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಅಷ್ಟೂ ಚೌಕಟ್ಟಿಗೆ ಬೇರೆ ಬೇರೆ ಚಿತ್ರ ಬಿಡಿಸಿದರೆ ಖರ್ಚು ಹೊರೆಯಾಗುತ್ತದೆ ಎಂದು ಟಿವಿಯವರು ಒಂದೇ ಚಿತ್ರವನ್ನು ಎರಡು, ಮೂರು ಚೌಕಟ್ಟು ನಿಲ್ಲಿಸುತ್ತಿದ್ದರು. ಸೆಕೆಂಡಿಗೆ ಎಂಟೋ ಹನ್ನೆರಡೋ ಚಿತ್ರಗಳಲ್ಲಿ ಕೆಲಸ ಮುಗಿಯುತ್ತಿತ್ತು. ಮಾತಾಡುವಾಗ ಬಾಯಿ ಮಾತ್ರ ಅಲುಗುತ್ತಿತ್ತು, ಮೈ ಕಲ್ಲಾಗಿರುತ್ತಿತ್ತು. ಓಡುವಾಗ ಹಿಂದಿನ ಮರ ಮತ್ತೆ ಮತ್ತೆ ಬರುತ್ತಿತ್ತು. ಅಂದಿನ ಬಡ್ಜೆಟ್ಟಿನ ಬಡತನವನ್ನು ಇಂದು ಕಲೆಯ ಶುದ್ಧಿ ಎಂದು ಹೊಗಳುತ್ತಿದ್ದೇವೆ. ಅದರಲ್ಲಿ ಜೀವ ತುಂಬಿದ್ದು ನಮ್ಮ ಎಳೆಯ ಕಣ್ಣು. ಇವತ್ತಿನ ಮಗುವಿಗೂ ಅದೇ ಕಣ್ಣು ಇದೆ, ಅದು ತನ್ನ ಎದುರಿಗಿರುವ ಚಿತ್ರದಲ್ಲಿ ಜೀವ ತುಂಬುತ್ತದೆ.

ಟಾಮ್ ಆ್ಯಂಡ್ ಜೆರ್ರಿಯ ಕಥೆಯೂ ಹೀಗೇ. ಹ್ಯಾನಾ ಮತ್ತು ಬಾರ್ಬೆರಾ 1940ರಲ್ಲಿ ಆರಂಭಿಸಿದ ಬೆಕ್ಕು ಇಲಿಯ ಜಗಳವನ್ನು 1961ರ ಹೊತ್ತಿಗೆ ಪ್ರಾಗ್‌ನಲ್ಲಿ ಜೀನ್ ಡೈಚ್ ಬೇರೆ ಥರ ಮಾಡಿದ, 13 ಚಿತ್ರ. ಆಮೇಲೆ ಚಕ್ ಜೋನ್ಸ್ ಮತ್ತೊಂದು ಥರ ಮಾಡಿದ, 34 ಚಿತ್ರ. ನಮ್ಮ ಊರಿಗೆ ಕೇಬಲ್ ಬಂದಾಗ ಇವೆಲ್ಲ ಬೆರೆತೇ ಬಂದವು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ನಾವು ಕೇಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇನ್ನೂ ಗಟ್ಟಿಯಾದ ಸಾಕ್ಷಿ ಮೋಟು ಪತ್ಲು. ಲೋಟ್‌ಪೋಟ್ ಎಂಬ ಹಿಂದಿ ಮಕ್ಕಳ ಪತ್ರಿಕೆಯಲ್ಲಿ ದಶಕಗಳ ಕಾಲ ಚಿತ್ರಕಥೆಯಾಗಿದ್ದ ಈ ಜೋಡಿಯನ್ನು 2012ರಲ್ಲಿ ಕಂಪ್ಯೂಟರ್ ಆ್ಯನಿಮೇಷನ್‌ಗೆ ತಂದರು. ಹಳೆಯ ಪಾತ್ರದ ಹೊಸ ರೂಪ ಎಂದರೆ ಇದಕ್ಕಿಂತ ನೇರ ಉದಾಹರಣೆ ಇಲ್ಲ. ನಮ್ಮ ಓಣಿಯ ಮಕ್ಕಳು ಊಟ ಬಿಟ್ಟು ಅದನ್ನು ನೋಡುತ್ತಾರೆ. ಅದನ್ನು ಕೆಡಿಸಿದರು ಎಂದು ಸಂಶಿಯಲ್ಲಿ ಒಬ್ಬರೂ ಗೊಣಗುವುದಿಲ್ಲ, ಏಕೆಂದರೆ ಇಲ್ಲಿ ಲೋಟ್‌ಪೋಟ್ ಓದಿ ಬೆಳೆದವರು ಯಾರೂ ಇಲ್ಲ. ನೆನಪು ಇಲ್ಲದ ಕಡೆ ಕೆಟ್ಟಿತೆಂಬ ಭಾವನೆಯೂ ಇಲ್ಲ. ಹಾಗಾದರೆ ನಾವು ಅಳುತ್ತಿರುವುದು ನಮ್ಮ ವಯಸ್ಸಿಗೆ. ಆ ಅಳುವಿನ ಭಾರವನ್ನು ಎಂಟು ವರ್ಷದ ಮಗುವಿನ ಸಂತೋಷದ ಮೇಲೆ ಹೇರುವುದು ಅನ್ಯಾಯ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಭಾನುವಾರಗಳಲ್ಲಿ ನಮಗೆ ನಿಜಕ್ಕೂ ಸಿಕ್ಕದ್ದೇನು?

ಸಂಶಿ ಹುಬ್ಬಳ್ಳಿಯಿಂದ ಕುಂದಗೋಳ ದಾಟಿ, ಗುಡಗೇರಿಗಿಂತ ಮೊದಲು ಸಿಗುವ ರೈಲ್ವೆ ನಿಲ್ದಾಣ. ಸುತ್ತ ಎರೆಭೂಮಿ, ಮೆಣಸಿನಕಾಯಿ, ಹತ್ತಿ, ಶೇಂಗಾ. ಓಣಿಗೆ ಒಂದೋ ಎರಡೋ ಟಿವಿ ಇದ್ದ ಕಾಲ. ಟಿವಿ ಇದ್ದವರ ಪಡಸಾಲಿಯಲ್ಲಿ ಓಣಿಯ ಮಕ್ಕಳೆಲ್ಲ ಸಾಲಾಗಿ ಕೂಡುತ್ತಿದ್ದರು, ಒಬ್ಬ ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುತ್ತಿದ್ದ. ಮೋಗ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದ. ನಮಗೆ ಹಿಂದಿ ಬರುತ್ತಿರಲಿಲ್ಲ. ಮನೆಯಲ್ಲಿ ಉರ್ದು ಆಡುವ ಗೆಳೆಯರಿಗೆ ಅರ್ಥವಾಗುತ್ತಿತ್ತು, ಅವರು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದರು. ಬಲ್ಲೂ ಈಗ ಏನಂದ, ಬಘೀರಾ ಯಾಕೆ ಸಿಟ್ಟಾದ. ಅವರು ಆ ದಿನ ಬರದಿದ್ದರೆ ನಾವು ಬರೀ ಚಿತ್ರ ನೋಡುತ್ತಿದ್ದೆವು. ಕುರಿ ಕಾಯುವ ಮನೆಯ ಹುಡುಗರೂ ನಮ್ಮ ಜೊತೆ ಇರುತ್ತಿದ್ದರು. ತೋಳ ಅವರಿಗೆ ಕಥೆಯ ಪ್ರಾಣಿ ಆಗಿರಲಿಲ್ಲ, ರಾತ್ರಿ ಹಟ್ಟಿಗೆ ಬಂದು ಮರಿ ಹೊತ್ತೊಯ್ಯುವ ಪ್ರಾಣಿ. ಅಂಥ ತೋಳ ಒಂದು ಮನುಷ್ಯನ ಕೂಸನ್ನು ಸಾಕುತ್ತದೆ ಎಂಬ ಕಥೆಯನ್ನು ಅರ್ಥಮಾಡಿಕೊಳ್ಳುವ ಹಕ್ಕು ಈ ದೇಶದಲ್ಲಿ ಯಾರಿಗಾದರೂ ಮೊದಲು ಇದ್ದಿದ್ದರೆ ಆ ಹುಡುಗರಿಗೆ ಇತ್ತು. ತಾಯಿ ತೋಳ ಏನು ಹೇಳಿತು ಎಂಬುದು ಅವರಿಗೆ ತಿಳಿಯಲೇ ಇಲ್ಲ.

ಟಾಮ್ ಆ್ಯಂಡ್ ಜೆರ್ರಿ ನಮ್ಮ ಹಳ್ಳಿಗಳಲ್ಲಿ ಅಷ್ಟು ಬೇಗ ಯಾಕೆ ಮನೆಮಾತಾಯಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅದರಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಮಾತಿಲ್ಲದ ಕಾರ್ಟೂನು ಮಾತ್ರ ನಮಗೆ ಪೂರ್ತಿ ಅರ್ಥವಾಗುತ್ತಿತ್ತು. ಇಂಥ ಕಾಲವನ್ನು ಚಿನ್ನದ ಕಾಲ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಮಾಲ್ಗುಡಿ ಡೇಸ್’ ನೆನೆಸಿಕೊಳ್ಳಿ. ನಿರ್ದೇಶಕ ಶಂಕರ್ ನಾಗ್, ಚಿತ್ರೀಕರಣ ಆಗುಂಬೆಯಲ್ಲಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ. ಇಷ್ಟೆಲ್ಲ ಕನ್ನಡದವರೇ ಸೇರಿ ಮಾಡಿದ ಧಾರಾವಾಹಿ ತಯಾರಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಆಗುಂಬೆಯ ಮಳೆಯಲ್ಲಿ ನೆನೆದ ಆ ಹುಡುಗನ ಮಾತು ಸಂಶಿಯ ಹುಡುಗನಿಗೆ ಅರ್ಥವಾಗಲಿಲ್ಲ. ಇದು ಶಂಕರ್ ನಾಗ್ ಅವರ ತಪ್ಪಲ್ಲ, ಅಂದಿನ ರಾಷ್ಟ್ರೀಯ ಪ್ರಸಾರದ ಕಟ್ಟಳೆ ಹಾಗಿತ್ತು. ಆದರೆ ಆ ನೆನಪನ್ನು ಹೊಗಳುವಾಗ ಈ ಕೊರತೆಯನ್ನು ನುಂಗಿಕೊಳ್ಳುವುದು ಯಾಕೆ?

ಪುಸ್ತಕದ ಲೋಕ ಹೀಗಿರಲಿಲ್ಲ. ಮದರಾಸಿನಲ್ಲಿ 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ಚಂದಮಾಮ ಎರಡೇ ವರ್ಷದಲ್ಲಿ ಕನ್ನಡ ಮಾತಾಡಿತು. ಬೇತಾಳವನ್ನು ಹೆಗಲ ಮೇಲೆ ಹೊತ್ತ ವಿಕ್ರಮನನ್ನು ಪರ ಊರಿನವನು ಎಂದು ಯಾರೂ ಅನ್ನಲಿಲ್ಲ. ಬಾಲಮಂಗಳದ ಡಿಂಗ ಕೇರಳದವನು, ಮಲಯಾಳದಲ್ಲಿ ಅವನ ಹೆಸರು ಡಿಂಕನ್. ಕನ್ನಡದಲ್ಲಿ ಬಂದದ್ದೇ ತಡ ಅವನು ನಮ್ಮವನಾದ. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲೇ ಹೊರಬಂದವು, ಅದೂ ಸಿಂಡ್ರೆಲಾಳಂಥ ಪರದೇಶದ ಕಥೆಗಳು. ಪಾತ್ರ ಎಲ್ಲಿ ಹುಟ್ಟಿತು, ಯಾರು ಬಿಡಿಸಿದರು, ಎಷ್ಟು ಸಲ ರೂಪ ಬದಲಿಸಿತು ಎಂಬುದನ್ನು ಮಗು ಕೇಳುವುದಿಲ್ಲ. ತನ್ನ ಮಾತಿನಲ್ಲಿ ತನ್ನ ಜೊತೆ ಮಾತಾಡಿದರೆ ಸಾಕು. ಇಷ್ಟು ಸರಳವಾದ ಸತ್ಯವನ್ನು ಪತ್ರಿಕೆಯವರು 1949ರಲ್ಲಿ ಅರಿತಿದ್ದರು, ತೆರೆಯವರು ಅರಿಯಲು ಅರವತ್ತು ವರ್ಷ ತೆಗೆದುಕೊಂಡರು.

ಯಾಕೆ ಅಷ್ಟು ತಡವಾಯಿತು ಎಂದರೆ ಡಬ್ಬಿಂಗ್ ಎಂಬ ಹೆಸರು ಕೇಳಿದರೆ ಬೆಚ್ಚುತ್ತಿದ್ದ ನಾಡು ನಮ್ಮದು. 1960ರ ದಶಕದ ಆರಂಭದಲ್ಲಿ ಆ ವಿರೋಧಕ್ಕೆ ಕಾರಣವಿತ್ತು. ಕನ್ನಡದ ಚಿತ್ರಗಳು ಬೆರಳೆಣಿಕೆಯಷ್ಟಿದ್ದವು, ಕಲಾವಿದರು, ತಂತ್ರಜ್ಞರು ಮದರಾಸಿನಲ್ಲಿ ಅನ್ನಕ್ಕೆ ಒದ್ದಾಡುತ್ತಿದ್ದರು. ಅ.ನ.ಕೃ. ಅವರಂಥವರು ಅಂದು ಬೀದಿಗೆ ಇಳಿದದ್ದು ಕನ್ನಡದ ಬದುಕಿಗಾಗಿ, ಅದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೆ ಬಿಡಿಸಿದ ಕರಡಿಯೊಂದು ಕನ್ನಡ ಮಾತಾಡಿದರೆ ಯಾವ ನಟನ ಅನ್ನ ಹೋಗುತ್ತದೆ? ಒಬ್ಬ ಕನ್ನಡಿಗನ ಕಂಠಕ್ಕೆ, ಒಬ್ಬ ಕನ್ನಡ ಬರಹಗಾರನ ಲೇಖನಿಗೆ ಕೆಲಸ ಸಿಗುತ್ತಿತ್ತು. ಆ ಕೆಲಸವನ್ನೂ, ಮಕ್ಕಳ ಸಂತೋಷವನ್ನೂ ಒಟ್ಟಿಗೇ ತಡೆದೆವು. ತಮಿಳು ಮಕ್ಕಳಿಗೆ 2007ರಲ್ಲಿ ಚುಟ್ಟಿ ಟಿವಿ ಬಂತು. ನಮ್ಮ ಚಿಂಟು ಟಿವಿ ಬಂದದ್ದು 2009ರಲ್ಲಿ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯನ್ನು ಕಾನೂನುಬಾಹಿರ ಎಂದು ತೀರ್ಪು ಕೊಟ್ಟದ್ದು 2015ರ ಜುಲೈನಲ್ಲಿ.

ತೀರ್ಪು ಬಂದ ಮೇಲೂ ಏನಾಯಿತು ನೋಡಿ. 2016ರ ಏಪ್ರಿಲ್‌ನಲ್ಲಿ ಡಿಸ್ನಿಯ ಹೊಸ ‘ಜಂಗಲ್ ಬುಕ್’ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. 2019ರ ‘ಲಯನ್ ಕಿಂಗ್’ ಕೂಡ ಈ ನಾಲ್ಕರಲ್ಲೇ. ಕನ್ನಡ ಇರಲಿಲ್ಲ. ಆಗ ನಮ್ಮವರು ಎತ್ತಿದ ಚರ್ಚೆ ಯಾವುದು? ಹೊಸ ಮೋಗ್ಲಿಗಿಂತ ಹಳೆಯ ಮೋಗ್ಲಿ ಚೆಂದ ಎಂಬುದು. ಕೂದಲು, ಬಣ್ಣ, ಕಣ್ಣುಗಳ ಬಗ್ಗೆ ತಾಸುಗಟ್ಟಲೆ ಮಾತಾಡಿದರು, ಅವನ ನಾಲಿಗೆಯ ಮೇಲೆ ಕನ್ನಡ ಇಲ್ಲ ಎಂಬುದು ಹೆಚ್ಚಿನವರ ಲಕ್ಷ್ಯಕ್ಕೇ ಬರಲಿಲ್ಲ. ಕೇಳಿದ್ದರೆ ಸಿಗುತ್ತಿರಲಿಲ್ಲ ಎನ್ನಬೇಡಿ. 2023ರಲ್ಲಿ ಸ್ಪೈಡರ್‌ಮ್ಯಾನ್ ಆ್ಯನಿಮೇಷನ್ ಚಿತ್ರ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು.

ಪುಣ್ಯಕೋಟಿಯ ವಿಷಯ ಇನ್ನೂ ನೋವಿನದು. ಕನ್ನಡದ ಮಗು ಮೊದಲು ಕಣ್ಣೀರು ಹಾಕುವ ಕಥೆ ಅದು. ಕಾಳಿಂಗನ ದೊಡ್ಡಿ, ಅರ್ಭುತ ಎಂಬ ಹುಲಿ, ಮಾತಿಗೆ ತಪ್ಪದೆ ಮರಳಿ ಬರುವ ಹಸು. ಇದನ್ನು ಬರೆದವರ ಹೆಸರು ಗೊತ್ತಿಲ್ಲ, ಹಾಡಿ ಉಳಿಸಿದವರು ಕನ್ನಡದ ಅಜ್ಜಿಯರು. ಈ ಹಸು ಪೂರ್ಣ ಪ್ರಮಾಣದ ಆ್ಯನಿಮೇಷನ್ ಚಿತ್ರವಾದದ್ದು 2020ರಲ್ಲಿ, ಬೆಂಗಳೂರಿನ ರವಿಶಂಕರ್ ಅವರ ನಿರ್ದೇಶನದಲ್ಲಿ, ಇಳಯರಾಜಾ ಅವರ ಸಂಗೀತದಲ್ಲಿ, ಸಂಸ್ಕೃತ ಭಾಷೆಯಲ್ಲಿ. ಜನರಿಂದ ಹಣ ಕೂಡಿಸಿ ವರ್ಷಗಟ್ಟಲೆ ದುಡಿದು ಮಾಡಿದ ಚಿತ್ರ, ಆ ಶ್ರಮಕ್ಕೆ ನನ್ನ ನಮಸ್ಕಾರ. ಯಾವ ಭಾಷೆಯಲ್ಲಿ ಮಾಡಬೇಕು ಎಂಬುದು ನಿರ್ದೇಶಕರ ಹಕ್ಕು. ನನ್ನ ಜಗಳ ನಮ್ಮೊಂದಿಗೆ. ಪಂಜೆಯವರ ಹಾವಿನ ಹಾಡಿಗೆ ಯೂಟ್ಯೂಬಿನಲ್ಲಿ ಯಾರೋ ಕುಣಿಯುವ ಹಾವು ಬಿಡಿಸಿದರೆ ನಮ್ಮ ಬಾಲ್ಯ ಕೆಟ್ಟಿತು ಎಂದು ಕೂಗುತ್ತೇವೆ. ಆ ಹಾವು ಕನ್ನಡ ಹಾಡುತ್ತದೆ, ಮೊಬೈಲ್ ಹಿಡಿದ ಸಂಶಿಯ ಮೂರು ವರ್ಷದ ಕೂಸಿಗೆ ಪಂಜೆಯವರ ಪದಗಳನ್ನು ಮುಟ್ಟಿಸುತ್ತದೆ. ಚಿತ್ರ ಒರಟಾಗಿರಬಹುದು. ಪದ ಉಳಿಯಿತಲ್ಲ.

ನಮ್ಮ ಭಾಗದ ಕಲೆಗಳು ಈ ವಿಷಯದಲ್ಲಿ ನಮಗಿಂತ ದೊಡ್ಡ ಮನಸ್ಸಿನವು. ದೊಡ್ಡಾಟದಲ್ಲಿ ಪ್ರಹ್ಲಾದ ಪ್ರತಿ ಊರಿನಲ್ಲೂ ಹೊಸದಾಗಿ ಹುಟ್ಟುತ್ತಿದ್ದ. ಪಂಜಿನ ಬೆಳಕು ಹೋಗಿ ಗ್ಯಾಸ್‌ಬತ್ತಿ ಬಂತು, ಅದೂ ಹೋಗಿ ಟ್ಯೂಬ್‌ಲೈಟ್ ಬಂತು, ಕಿರೀಟದ ಬೇಗಡೆ ಬದಲಾಯಿತು, ಆಟ ನಿಲ್ಲಲಿಲ್ಲ. 1983ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ರಾಜಕುಮಾರ್ ಹಿರಣ್ಯಕಶಿಪುವಾಗಿ, ಪುನೀತ್ ಪ್ರಹ್ಲಾದನಾಗಿ ಬಂದರು. ಅದಕ್ಕೂ ಮೊದಲು ಅದೇ ಕಥೆ ಕನ್ನಡ ತೆರೆಯ ಮೇಲೆ ಬಂದು ಹೋಗಿತ್ತು. 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’ ಆ್ಯನಿಮೇಷನ್ ಬಂತು, ಕನ್ನಡದಲ್ಲೂ ಬಂತು. ರಾಜಕುಮಾರ್ ಅವರ ಅಭಿನಯದ ಮುಂದೆ ಇದು ಏನೂ ಅಲ್ಲ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಆ ಅಭಿನಯ ಅಲ್ಲೇ ಇದೆ, ಯಾರೂ ಅಳಿಸಿಲ್ಲ, ಬೇಕಾದಾಗ ನೋಡಬಹುದು. ಇವತ್ತಿನ ಹುಡುಗನಿಗೆ ಕಂಬ ಒಡೆಯುವುದನ್ನು ತನ್ನ ಕಾಲದ ಬೆಳಕಿನಲ್ಲಿ, ತನ್ನ ಭಾಷೆಯಲ್ಲಿ ನೋಡುವ ಅವಕಾಶ ಸಿಕ್ಕಿತು. ಸಂಶಿಗೆ ಹತ್ತಿರದ ಶಿಶುನಾಳದ ಶರೀಫ ಸಾಹೇಬರ ಪದಗಳಿಗೂ ಹೀಗೇ ಆಯಿತು. ಏಕತಾರಿ, ದಮ್ಮಡಿಯ ಭಜನೆಯಲ್ಲಿದ್ದ ಪದಗಳನ್ನು ಸಿ. ಅಶ್ವತ್ಥ್ ಕ್ಯಾಸೆಟ್ಟಿಗೆ ತಂದಾಗ ವಾದ್ಯದ ಅಬ್ಬರ ಹೆಚ್ಚಾಯಿತು ಎಂದವರಿದ್ದಾರೆ. ಆದರೆ ಮೈಸೂರಿನ ಮನೆಗಳಿಗೆ ಶರೀಫರು ಹೋದದ್ದು ಆ ಕ್ಯಾಸೆಟ್ಟಿನಲ್ಲೇ, ನಮ್ಮೂರ ಭಜನೆಯೂ ನಿಲ್ಲಲಿಲ್ಲ.

ಹೊಸದಾಗಿ ಬರುವುದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅವಸರದಲ್ಲಿ ಮಾಡಿದ, ಕಥೆಯಿಲ್ಲದ, ಗದ್ದಲವೇ ಹೆಚ್ಚಿರುವ ಸರಕು ಬೇಕಾದಷ್ಟಿದೆ. ಅದರ ದೊಡ್ಡ ದೋಷ ಯಾವುದೆಂದರೆ ಅದು ಮಕ್ಕಳ ಕಡೆ ನೋಡುವುದನ್ನು ಬಿಟ್ಟು ಅಪ್ಪ ಅಮ್ಮಂದಿರ ಕಡೆ ನೋಡುತ್ತದೆ. ಟಿಕೆಟ್ಟಿಗೆ ಹಣ ಕೊಡುವವರು, ಚಂದಾ ಕಟ್ಟುವವರು ನಾವು. ನಮ್ಮ ನೆನಪನ್ನು ಕೆರಳಿಸಿದರೆ ಹಣ ಬರುತ್ತದೆ ಎಂದು ತಯಾರಕರಿಗೆ ಗೊತ್ತು. 2016ರ ಹಿಂದಿ ಜಂಗಲ್ ಬುಕ್‌ಗೆ 1993ರ ಅದೇ ಹಾಡನ್ನು ಮತ್ತೆ ತಂದರು, ಶೇರ್ ಖಾನನಿಗೆ ಮತ್ತೆ ನಾನಾ ಪಾಟೇಕರ್ ಅವರನ್ನೇ ಕರೆದರು. ಎಂಟು ವರ್ಷದ ಮಗುವಿಗೆ ಆ ಹಾಡಿನ ನೆನಪು ಎಲ್ಲಿಂದ ಬರಬೇಕು? ಅದು ನಮಗಾಗಿ ಹಾಕಿದ ಗಾಳ. ಹಳೆಯದರ ಹಂಬಲ ಹೆಚ್ಚಾದಷ್ಟೂ ಇಂಥ ಕೆಲಸ ಹೆಚ್ಚುತ್ತದೆ. ಮರುಹುಟ್ಟುಗಳು ಕೆಡುತ್ತಿವೆ ಎಂದು ದೂರುವವರ ಹಂಬಲವೇ ಅವುಗಳನ್ನು ಕೆಡಿಸುತ್ತಿದೆ.

ಇನ್ನೊಂದು ಮಾತು ಹೇಳದೆ ಬಿಡಲಾರೆ. ಈಗ ಕೆಲವು ಮಕ್ಕಳ ವಾಹಿನಿಗಳಲ್ಲಿ ಕನ್ನಡ ಧ್ವನಿ ಸಿಗುತ್ತದೆ. ಒಳ್ಳೆಯದಾಯಿತು. ಆದರೆ ಅದು ಎಲ್ಲಿಯ ಕನ್ನಡ? ಎಲ್ಲ ಪಾತ್ರಗಳೂ ಒಂದೇ ಅಚ್ಚಿನ, ಪಾಠ ಓದಿದಂಥ ಮಾತಾಡುತ್ತವೆ. ಧಾರವಾಡದ ಮಾತು ತೆರೆಯ ಮೇಲೆ ಬಂದರೆ ಬಹುತೇಕ ನಗೆಪಾತ್ರದ ಬಾಯಲ್ಲಿ ಬರುತ್ತದೆ. ಬೇಂದ್ರೆಯವರು ಈ ಮಾತಿನಲ್ಲಿ ಕಾವ್ಯ ಬರೆದರು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ರೈತರ ಕಾರ್ಯಕ್ರಮಗಳಲ್ಲಿ ಈ ಮಾತು ಘನತೆಯಿಂದ ಕೇಳಿಬರುತ್ತಿತ್ತು. “ಯವ್ವಾ, ಅಂವ ಯಾಕ ಹಿಂಗ ಮಾತಾಡ್ತಾನ?” ಎಂದು ಟಿವಿಯ ಪಾತ್ರದ ಬಗ್ಗೆ ತಾಯಿಯನ್ನು ಕೇಳುವ ಮಕ್ಕಳು ನಮ್ಮ ಓಣಿಯಲ್ಲಿ ಇದ್ದಾರೆ. ಬೇರೆಯವರ ಮಾತೇ ಸರಿ, ತನ್ನ ಮನೆಯ ಮಾತು ನಗೆಗೀಡು ಎಂದು ಅಂಥ ಮಗು ಟಿವಿಯಿಂದ ಕಲಿಯುತ್ತಿದೆ. ಮೋಗ್ಲಿಯ ಬಣ್ಣ ಕೆಟ್ಟಿತು ಎಂಬ ಚಿಂತೆಗಿಂತ ಈ ಚಿಂತೆ ಎಷ್ಟೋ ದೊಡ್ಡದು.

ಓದುವ ತಂದೆ ತಾಯಿಯರಲ್ಲಿ ನನ್ನ ಕೋರಿಕೆ ಇದು. ಮನೆಯ ಸೆಟ್‌ಟಾಪ್ ಬಾಕ್ಸಿನಲ್ಲಿ ಮಕ್ಕಳ ವಾಹಿನಿಗೆ ಕನ್ನಡ ಧ್ವನಿ ಇದೆಯೇ ನೋಡಿ, ಇದ್ದರೆ ಅದನ್ನೇ ಹಚ್ಚಿ. ಇಲ್ಲದಿದ್ದರೆ ವಾಹಿನಿಯವರಿಗೆ ಬರೆದು ಕೇಳಿ, ಒಂದು ಸಲ ಕೇಳಿ ಸುಮ್ಮನಾಗಬೇಡಿ. ಮುಂದೆ ಹಳೆಯ ಪಾತ್ರವೊಂದು ಹೊಸ ರೂಪದಲ್ಲಿ ಬಂದಾಗ ಅದು ನಿಮ್ಮ ನೆನಪಿನ ಹಾಗಿದೆಯೇ ಎಂದು ನೋಡುವುದನ್ನು ಬಿಟ್ಟು, ಪಕ್ಕದಲ್ಲಿ ಕೂತ ಮಗುವಿಗೆ ಮಾತು ತಿಳಿಯುತ್ತಿದೆಯೇ ಎಂದು ನೋಡಿ. ಕನ್ನಡದಲ್ಲಿ ಕಾರ್ಟೂನು ಬರೆಯುವವರೇ, ಧ್ವನಿ ಕೊಡುವವರೇ, ಒಂದು ಪಾತ್ರಕ್ಕಾದರೂ ನಮ್ಮ ಧಾರವಾಡದ ಮಾತು ಕೊಡಿ. ಆದರೆ ಅದನ್ನು ನಗಿಸುವವನಿಗೆ ಕೊಡಬೇಡಿ, ನಾಯಕನಿಗೆ ಕೊಡಿ.